ಒಂದು ಗೂಬೆ, ಎರಡು ಹೆಸರು

ಆಫ್ರಿಕಾ ಖಂಡದ ಗೂಬೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದಿದೆ. ಜರ್ಮನರು ಅದನ್ನು 'ಬ್ಲಾಸ್‌ಊಹು' ಎನ್ನುತ್ತಾರೆ. ಎಂದರೆ ಬಿಳಿಚು ಬಣ್ಣದ ಗುಮ್ಮ. 'ಮಿಲ್ಶ್‌ಊಹು', ಅಂದರೆ ಹಾಲುಗುಮ್ಮ, ಎಂಬ ಇನ್ನೊಂದು ಹೆಸರೂ ಅವರಲ್ಲಿ ಬಳಕೆಯಲ್ಲಿದೆ. ಇದೇ ಹಕ್ಕಿಗೆ ಇಂಗ್ಲಿಷಿನವರ ಪುಸ್ತಕಗಳಲ್ಲಿ ಇರುವ ಹೆಸರು 'ವೆರೋಸ್ ಈಗಲ್ ಔಲ್'. ಅಂದರೆ ವೆರೋ ಎಂಬಾತನ ಹದ್ದುಗೂಬೆ. ಒಂದು ಭಾಷೆ ಹಕ್ಕಿಯ ಮೈಬಣ್ಣವನ್ನು ನೋಡಿ ಹೆಸರಿಟ್ಟಿತು. ಇನ್ನೊಂದು ಭಾಷೆ ಒಬ್ಬ ಮನುಷ್ಯನ ಹೆಸರನ್ನು ತಂದು ಹಕ್ಕಿಗೆ ಅಂಟಿಸಿತು. ನಾನು ಇತಿಹಾಸ ಪಾಠ ಮಾಡಿದವನೇ ಹೊರತು ಪಕ್ಷಿಶಾಸ್ತ್ರ ಓದಿದವನಲ್ಲ. ಆದರೆ ಹೆಸರುಗಳೆಂದರೆ ನಮ್ಮ ಕಸುಬಿನವರಿಗೆ ಒಂದು ದೌರ್ಬಲ್ಯ. ಊರಿನ ಹೆಸರಾಗಲಿ, ಕೆರೆಯ ಹೆಸರಾಗಲಿ, ಮನೆತನದ ಹೆಸರಾಗಲಿ, ಕೇಳಿದ ಕೂಡಲೇ 'ಇದು ಯಾರಿಟ್ಟದ್ದು, ಯಾವಾಗ ಇಟ್ಟದ್ದು' ಎಂಬ ಪ್ರಶ್ನೆ ಏಳುತ್ತದೆ. ಈ ಗೂಬೆಯ ವಿಷಯದಲ್ಲಿ ಆ ಪ್ರಶ್ನೆಯನ್ನು ಹಿಡಿದು ಹೋದಾಗ ತಲುಪಿದ ಜಾಗ ಕಾಡಲ್ಲ, ಒಂದು ಸಮಾಧಿ. ಆ ಕಥೆಯನ್ನು ನಮ್ಮ ಶಾಲೆಯ ಈ ಸುವರ್ಣ ಮಹೋತ್ಸವದ ಸಂಚಿಕೆಯ ಓದುಗರೊಂದಿಗೆ, ಅದರಲ್ಲೂ ಮಕ್ಕಳೊಂದಿಗೆ, ಹಂಚಿಕೊಳ್ಳುವುದು ನನ್ನ ಉದ್ದೇಶ.

ಮೊದಲು ಹಕ್ಕಿಯನ್ನು ನೋಡೋಣ. ತಲೆಯಿಂದ ಬಾಲದ ತುದಿಯವರೆಗೆ ಎರಡು ಅಡಿಗೂ ಮಿಕ್ಕಿದ ಉದ್ದ. ರೆಕ್ಕೆ ಬಿಚ್ಚಿದರೆ ಸುಮಾರು 140 ಸೆಂಟಿಮೀಟರ್ ಅಗಲ. ಗೂಬೆಗಳಲ್ಲಿ ಸಾಮಾನ್ಯವಾಗಿ ಹೆಣ್ಣು ಗಂಡಿಗಿಂತ ದೊಡ್ಡದು. ಇದರಲ್ಲಿ ಹೆಣ್ಣು ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ, ಗಂಡು ಎರಡು ಕಿಲೋ ದಾಟುವುದು ಅಪರೂಪ. ಮೈ ಬೂದುಬಣ್ಣ, ಮುಖದ ಎರಡು ಬದಿಗೆ ಕಪ್ಪು ಅಂಚು. ಕಣ್ಣಿನ ಮೇಲಿನ ರೆಪ್ಪೆ ಮಾತ್ರ ತಿಳಿಗುಲಾಬಿ. ಹಗಲು ಮರದ ಮೇಲೆ ಕುಳಿತು ತೂಕಡಿಸುವಾಗ ಆ ಗುಲಾಬಿ ರೆಪ್ಪೆ ಮುಚ್ಚಿ ತೆರೆಯುವುದನ್ನು ನೋಡಿಯೇ ಗುರುತು ಹಿಡಿಯಬಹುದಂತೆ. ಸಹಾರಾ ಮರುಭೂಮಿಯ ದಕ್ಷಿಣಕ್ಕೆ, ಸೆನೆಗಲ್‌ನಿಂದ ಇಥಿಯೋಪಿಯಾದವರೆಗೆ, ಅಲ್ಲಿಂದ ಕೆಳಗೆ ದಕ್ಷಿಣ ಆಫ್ರಿಕಾದವರೆಗೆ ಇದರ ಸಂಚಾರ. ದಟ್ಟ ಮಳೆಕಾಡು ಇದಕ್ಕೆ ಒಗ್ಗದು. ಅಲ್ಲೊಂದು ಇಲ್ಲೊಂದು ದೊಡ್ಡ ಮರವಿರುವ ಹುಲ್ಲುಗಾವಲು, ನದಿಯ ದಂಡೆ ಇದಕ್ಕೆ ಬೇಕು. ಸ್ವಂತ ಗೂಡು ಕಟ್ಟುವ ಅಭ್ಯಾಸವಿಲ್ಲ, ಬೇರೆ ದೊಡ್ಡ ಹಕ್ಕಿಗಳು ಕಟ್ಟಿದ ಗೂಡನ್ನು ಹಿಡಿದುಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆಯಿಟ್ಟರೂ ಒಂದೇ ಮರಿ ಬದುಕುತ್ತದೆ. ಮೊಲ, ಗಿನಿಕೋಳಿ, ಕೋತಿಮರಿ, ಕೊನೆಗೆ ಹೆಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಯನ್ನೂ ಚರ್ಮ ಸುಲಿದು ತಿನ್ನುವ ಜಾಣ ಇದು.

ಈ ಹಕ್ಕಿಯನ್ನು ವಿಜ್ಞಾನದ ದಾಖಲೆಗೆ ಸೇರಿಸಿದವನು ಕೊಯನ್ರಾಡ್ ಯಾಕೊಬ್ ಟೆಮ್ಮಿಂಕ್ ಎಂಬ ಡಚ್ ವಿದ್ವಾಂಸ. ವರ್ಷ 1820. ಅವನ ಕೈಗೆ ಬಂದ ಮಾದರಿ ಸೆನೆಗಲ್ ದೇಶದ್ದು. ಅವನಿಟ್ಟ ಲ್ಯಾಟಿನ್ ಹೆಸರು 'ಸ್ಟ್ರಿಕ್ಸ್ ಲ್ಯಾಕ್ಟಿಯ', ಅಂದರೆ ಹಾಲಿನಂಥ ಗೂಬೆ. ಮುಂದೆ ಇದನ್ನು ಹದ್ದುಗೂಬೆಗಳ ಗುಂಪಿಗೆ ಸೇರಿಸಿದಾಗ 'ಬೂಬೊ ಲ್ಯಾಕ್ಟಿಯಸ್' ಆಯಿತು. ಹಕ್ಕಿ ನಿಜವಾಗಿ ಹಾಲಿನಷ್ಟು ಬೆಳ್ಳಗಿಲ್ಲ. ಬೂದಿಯ ಮೇಲೆ ಹಾಲು ಚೆಲ್ಲಿದಂತೆ ಇದೆ ಎನ್ನಬಹುದು. ಆದರೂ ನೋಡಿದವನ ಕಣ್ಣಿಗೆ ಏನು ಕಂಡಿತೋ ಅದನ್ನೇ ಹೇಳಿದ ಹೆಸರು ಅದು.

ಜರ್ಮನ್ ಹೆಸರುಗಳು ಈ ದಾರಿಯಲ್ಲೇ ಬಂದವು. 'ಊಹು' ಎಂಬ ಪದವನ್ನು ಮಕ್ಕಳು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಬೇಕು. ಗೂಬೆಯ ಕೂಗೇ ಅದು. ಲ್ಯಾಟಿನ್ನಿನ 'ಬೂಬೊ' ಕೂಡ ಕೂಗಿನಿಂದ ಹುಟ್ಟಿದ ಪದ, ನಮ್ಮ 'ಗುಮ್ಮ', 'ಗೂಬೆ'ಗಳೂ ಅದೇ ಜಾತಿಯವು. ಮಗುವನ್ನು ಹೆದರಿಸಲು ತಾಯಂದಿರು ಕರೆಯುವ ಗುಮ್ಮ ದಾಸರ ಕೀರ್ತನೆಗೂ ಬಂದಿದ್ದಾನೆ. ರೈನ್ ನದಿಯ ದಡದ ರೈತನಿಗೂ ತುಂಗೆಯ ದಡದ ರೈತನಿಗೂ ಕತ್ತಲಲ್ಲಿ ಕೇಳಿಸಿದ್ದು ಒಂದೇ ಬಗೆಯ ದನಿ, ಇಬ್ಬರೂ ಕೇಳಿಸಿದ್ದನ್ನೇ ಹೆಸರು ಮಾಡಿದರು. ಜರ್ಮನರು ಆ 'ಊಹು'ವಿನ ಹಿಂದೆ ಬಣ್ಣವನ್ನೋ, ಪಟ್ಟೆಯನ್ನೋ, ಊರನ್ನೋ ಸೇರಿಸಿ ಜಾತಿಗಳನ್ನು ಬೇರ್ಪಡಿಸಿದರು. ಪಶ್ಚಿಮ ಆಫ್ರಿಕಾದ ಇನ್ನೊಂದು ಗೂಬೆಗೆ ಇಂಗ್ಲಿಷಿನಲ್ಲಿ ಫ್ರೇಸರ್ ಎಂಬುವನ ಹೆಸರಿದ್ದರೆ ಜರ್ಮನ್ನಿನಲ್ಲಿ ಅದು 'ಗಿನೇಯಾಊಹು', ಗಿನಿ ಪ್ರದೇಶದ ಗುಮ್ಮ. ನದಿಗಳಲ್ಲಿ ಮೀನು ಹಿಡಿಯುವ ಕೆಂಗಂದು ಬಣ್ಣದ ದೊಡ್ಡ ಗೂಬೆಗೆ ಇಂಗ್ಲಿಷಿನವರು ಗೋಲ್ಡ್ ಕೋಸ್ಟ್‌ನಲ್ಲಿದ್ದ ಡಚ್ ಅಧಿಕಾರಿ ಪೆಲ್ ಎಂಬುವನ ಹೆಸರಿಟ್ಟರು. ಜರ್ಮನರಿಗೆ ಅದು 'ಬಿಂಡೆನ್‌ಫಿಶ್‌ಒಯ್ಲೆ', ಪಟ್ಟೆಪಟ್ಟೆಯ ಮೀನುಗೂಬೆ.

ಇಂಗ್ಲಿಷಿನವರೂ ಮೊದಲಿನಿಂದ ವೆರೋ ಎನ್ನುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದು 'ಮಿಲ್ಕಿ ಈಗಲ್ ಔಲ್', ಹಾಲಿನ ಹದ್ದುಗೂಬೆ. ದಕ್ಷಿಣ ಆಫ್ರಿಕಾದಲ್ಲಿ ಬಹುಕಾಲ 'ಜಯಂಟ್ ಈಗಲ್ ಔಲ್', ಹೆಗ್ಗೂಬೆ ಎನ್ನೋಣ. ಅಲ್ಲಿನ ಆಫ್ರಿಕಾನ್ಸ್ ಭಾಷೆಯಲ್ಲಿ ಇವತ್ತಿಗೂ ದೈತ್ಯಗೂಬೆ ಎಂಬರ್ಥದ 'ರಿಯೂಸೆ ಊರಾಯ್ಲ್' ಎಂಬ ಹೆಸರೇ ಉಳಿದಿದೆ. ಜಗತ್ತಿನ ಎಲ್ಲ ಹಕ್ಕಿಗಳಿಗೂ ಒಂದೇ ಇಂಗ್ಲಿಷ್ ಹೆಸರು ಇರಬೇಕೆಂದು ಪಟ್ಟಿಗಳನ್ನು ಸರಿಮಾಡುವ ಕೆಲಸ ಇಪ್ಪತ್ತನೆಯ ಶತಮಾನದ ಕೊನೆಗೆ ಜೋರಾದಾಗ ಹಾಲೂ ಹೋಯಿತು, ದೈತ್ಯನೂ ಹೋದ, ವೆರೋ ನಿಂತ. ಒಂದು ಹೆಸರು ಹಳೆಯದಾದಷ್ಟೂ ಕೆಟ್ಟದ್ದು, ಹೊಸದಾದಷ್ಟೂ ಒಳ್ಳೆಯದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಇಲ್ಲಿ ಹಳೆಯ ಹೆಸರುಗಳೇ ಹಕ್ಕಿಗೆ ಹತ್ತಿರವಾಗಿದ್ದವು.

ಹಾಗಾದರೆ ಈ ವೆರೋ ಯಾರು? ಜೂಲ್ಸ್ ವೆರೋ 1807ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ. ಟೆಮ್ಮಿಂಕ್ ಈ ಗೂಬೆಗೆ ಹೆಸರಿಟ್ಟ ವರ್ಷ ಅವನಿಗೆ ಇನ್ನೂ ಹದಿಮೂರರ ವಯಸ್ಸು. ಹಕ್ಕಿಯನ್ನು ಕಂಡುಹಿಡಿದವನು ಅವನಲ್ಲ, ಮೊದಲು ವರ್ಣಿಸಿದವನೂ ಅಲ್ಲ. ಅವನ ಮನೆತನದ ಕಸುಬು ಸತ್ತ ಪ್ರಾಣಿಗಳ ವ್ಯಾಪಾರ. ಪ್ಯಾರಿಸಿನ 'ಮೇಸೊನ್ ವೆರೋ' ಎಂಬ ಅವರ ಅಂಗಡಿ ಹಕ್ಕಿ, ಪ್ರಾಣಿ, ಚಿಪ್ಪು, ಮೂಳೆಗಳನ್ನು ತರಿಸಿ, ಚರ್ಮದೊಳಗೆ ಹುಲ್ಲು ತುಂಬಿ ಜೀವಂತ ಇರುವಂತೆ ನಿಲ್ಲಿಸಿ, ಯುರೋಪಿನ ವಸ್ತುಸಂಗ್ರಹಾಲಯಗಳಿಗೂ ಶ್ರೀಮಂತರಿಗೂ ಮಾರುತ್ತಿತ್ತು. ಆ ಕಾಲಕ್ಕೆ ಆ ವ್ಯಾಪಾರದಲ್ಲಿ ಅಷ್ಟು ದೊಡ್ಡ ಹೆಸರು ಇನ್ನೊಂದಿರಲಿಲ್ಲ. ಜೂಲ್ಸ್ ಹನ್ನೊಂದು ವರ್ಷದ ಹುಡುಗನಾಗಿದ್ದಾಗಲೇ ತನ್ನ ಸೋದರಮಾವ ಡೆಲಲಾಂಡ್‌ನ ಜೊತೆ ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಪ್ರಾಂತ್ಯಕ್ಕೆ ಹೊರಟ. 1818ರಿಂದ 1820ರವರೆಗೆ ಅಲ್ಲಿದ್ದು ಮಾವ ಕಟ್ಟಿಕೊಂಡು ಬಂದ ಪೆಟ್ಟಿಗೆಗಳಲ್ಲಿ ಗಿಡಮರ, ಪ್ರಾಣಿಪಕ್ಷಿಗಳ ಜೊತೆಗೆ ಮನುಷ್ಯರ ಅಸ್ಥಿಪಂಜರಗಳೂ ಇದ್ದವು. ಹುಡುಗನ ವಿದ್ಯಾಭ್ಯಾಸ ಹಾಗೆ ಆಯಿತು.

1825ರಲ್ಲಿ ಜೂಲ್ಸ್ ಮತ್ತೆ ಕೇಪ್‌ಗೆ ಹೋದ. ಅದೇ ವರ್ಷ ಕೇಪ್‌ಟೌನ್‌ನಲ್ಲಿ ಆರಂಭವಾದ ದಕ್ಷಿಣ ಆಫ್ರಿಕಾದ ವಸ್ತುಸಂಗ್ರಹಾಲಯದಲ್ಲಿ ಆಂಡ್ರ್ಯೂ ಸ್ಮಿತ್‌ಗೆ ನೆರವಾಗಿ ಕೆಲಸ ಮಾಡಿದ. ಕೆಲವು ವರ್ಷಗಳ ಮೇಲೆ ತಮ್ಮ ಎಡ್ವರ್ಡ್ ಬಂದು ಕೂಡಿಕೊಂಡ. ಅಣ್ಣತಮ್ಮಂದಿರು ಹಕ್ಕಿಯ ಚರ್ಮ ಸುಲಿದು ಹದಮಾಡುವುದರಲ್ಲಿ ಬಹಳ ಕುಶಲರಾಗಿದ್ದರು ಎನ್ನುವುದರಲ್ಲಿ ಅನುಮಾನವಿಲ್ಲ. ಸಾವಿರಾರು ಮಾದರಿಗಳು ಅವರ ಕೈಯಿಂದ ಯುರೋಪಿಗೆ ಹೋದವು. ಅವನ ಹೆಸರಿನ ಹದ್ದು, ಅವನ ಹೆಸರಿನ ಮಡಗಾಸ್ಕರ್ ಲೀಮರ್, ಅವನ ಹೆಸರಿನ ಕೂವಾ ಹಕ್ಕಿ, ಹೀಗೆ ಕೊಂಡವರೆಲ್ಲ ಮಾರಿದವನ ಹೆಸರನ್ನು ಒಂದೊಂದು ಜೀವಿಗೆ ಕೊಟ್ಟು ಋಣ ತೀರಿಸಿದರು. ಇಷ್ಟಾದರೂ ಅವನ ಚೀಟಿಗಳಲ್ಲಿ ಬರೆದ ಊರುಗಳನ್ನು ಪೂರಾ ನಂಬುವ ಹಾಗಿಲ್ಲ ಎಂದು ನಂತರದ ವಿದ್ವಾಂಸರೇ ಗೊಣಗಿದ್ದಾರೆ. ವ್ಯಾಪಾರಿಗೆ ಸರಕು ದೂರದ್ದಾದಷ್ಟೂ ಬೆಲೆ ಹೆಚ್ಚು.

ಸುಮಾರು 1830ರಲ್ಲಿ, ಕೇಪ್ ಪ್ರಾಂತ್ಯದ ಗಡಿಯಾಚೆ, ಸ್ವಾನಾ ಜನರ ಸೀಮೆಯಲ್ಲಿ ಒಬ್ಬ ಯುವಕ ತೀರಿಕೊಂಡ. ಅವನ ಕಡೆಯವರು ಅವನನ್ನು ಮಣ್ಣು ಮಾಡಿದರು. ವೆರೋ ಸಹೋದರರು ರಾತ್ರಿ ಹೊತ್ತು ಹೋಗಿ ಆ ಸಮಾಧಿಯನ್ನು ಅಗೆದು ಹೆಣವನ್ನು ಹೊತ್ತೊಯ್ದರು. ಜಿಂಕೆಗೆ, ಸಿಂಹಕ್ಕೆ ಏನು ಮಾಡುತ್ತಿದ್ದರೋ ಅದನ್ನೇ ಆ ದೇಹಕ್ಕೂ ಮಾಡಿದರು. ಚರ್ಮ ಸುಲಿದು, ಒಳಗೆ ತುಂಬಿ, ಗಾಜಿನ ಕಣ್ಣು ಇಟ್ಟು, ಕೈಯಲ್ಲಿ ಭರ್ಜಿ ಗುರಾಣಿ ಕೊಟ್ಟು ನಿಲ್ಲಿಸಿದರು. 1831ರಲ್ಲಿ ಪ್ಯಾರಿಸಿನಲ್ಲಿ ಅವರ ಸಂಗ್ರಹದ ಪ್ರದರ್ಶನ ನಡೆದಾಗ ಆ ಊರಿನ ಪತ್ರಿಕೆಯೊಂದು ಪ್ರಾಣಿಗಳ ನಡುವೆ ನಿಂತಿದ್ದ ಈ ಮನುಷ್ಯನನ್ನು ವಿಶೇಷವಾಗಿ ವರ್ಣಿಸಿತು. ಅವನ ಕುಲದ ಹೆಸರನ್ನು ಮಾತ್ರ ಬರೆದರು. ಅವನ ಸ್ವಂತ ಹೆಸರನ್ನು ಯಾರೂ ಬರೆದಿಡಲಿಲ್ಲ. ಕೇಳಿರಲೂ ಇಲ್ಲ.

ಈ ಭಾಗವನ್ನು ತರಗತಿಯಲ್ಲಿ ಹೇಳುವುದು ನನಗೆ ಯಾವಾಗಲೂ ಕಷ್ಟವಾಗುತ್ತಿತ್ತು. ಹಾಗೆಂದು ಬಿಟ್ಟುಬಿಡಲು ಮನಸ್ಸು ಒಪ್ಪುತ್ತಿರಲಿಲ್ಲ. ಹಿಂದಿನ ಬೆಂಚಿನ ಹುಡುಗರೂ ಗಲಾಟೆ ನಿಲ್ಲಿಸುತ್ತಿದ್ದರು.

ಆ ದೇಹ ಐವತ್ತು ವರ್ಷ ಪ್ಯಾರಿಸಿನಲ್ಲೇ ಇತ್ತು. 1880ರ ದಶಕದಲ್ಲಿ ಫ್ರಾನ್ಸೆಸ್ಕ್ ಡಾರ್ಡರ್ ಎಂಬ ಸ್ಪೇನಿನ ಪಶುವೈದ್ಯ ಅದನ್ನು ಕೊಂಡುಕೊಂಡು 1888ರ ಬಾರ್ಸಿಲೋನ ವಸ್ತುಪ್ರದರ್ಶನದಲ್ಲಿ ಇಟ್ಟ. ಮುಂದೆ ಅವನ ಸಂಗ್ರಹವೆಲ್ಲ ಬನ್ಯೋಲೆಸ್ ಎಂಬ ಸಣ್ಣ ಪಟ್ಟಣಕ್ಕೆ ಸೇರಿ, 1916ರಲ್ಲಿ ಅಲ್ಲಿ ಡಾರ್ಡರ್ ವಸ್ತುಸಂಗ್ರಹಾಲಯ ತೆರೆಯಿತು. ಗಾಜಿನ ಪೆಟ್ಟಿಗೆಯಲ್ಲಿ ಆ ಯುವಕ ನಿಂತ. ಚರ್ಮ ಸಾಕಷ್ಟು ಕಪ್ಪಾಗಿ ಕಾಣುತ್ತಿಲ್ಲವೆಂದು ಬೂಟಿಗೆ ಹಚ್ಚುವಂಥ ಪಾಲಿಶ್ ಬಳಿದರು. ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡಿ ಹೋಗುತ್ತಿದ್ದರು. ಊರವರು ಅವನಿಗೆ ಇಟ್ಟ ಹೆಸರು 'ಎಲ್ ನೆಗ್ರೊ', ಅಂದರೆ ಕರಿಯ. ಇಡೀ ಇಪ್ಪತ್ತನೆಯ ಶತಮಾನದಲ್ಲಿ, ಎರಡು ಮಹಾಯುದ್ಧಗಳು ನಡೆದು, ಆಫ್ರಿಕಾದ ದೇಶಗಳೆಲ್ಲ ಒಂದೊಂದಾಗಿ ಸ್ವತಂತ್ರವಾದರೂ ಅವನು ಆ ಪೆಟ್ಟಿಗೆಯಲ್ಲೇ ನಿಂತಿದ್ದ.

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರು ಹೈಟಿ ಮೂಲದ ವೈದ್ಯ ಆಲ್ಫೊನ್ಸ್ ಆರ್ಸೆಲಿನ್. ಸ್ಪೇನಿನಲ್ಲಿ ನೆಲೆಸಿದ್ದ ಅವರು 1991ರಲ್ಲಿ ಬನ್ಯೋಲೆಸ್ ನಗರದ ಮೇಯರ್‌ಗೆ ಪತ್ರ ಬರೆದು ಆ ದೇಹವನ್ನು ತೆಗೆಯಬೇಕೆಂದು ಕೇಳಿದರು. ಮರುವರ್ಷ ಬಾರ್ಸಿಲೋನ ಒಲಿಂಪಿಕ್ಸ್. ದೋಣಿ ಸ್ಪರ್ಧೆಗಳು ನಡೆಯಬೇಕಾದದ್ದು ಇದೇ ಬನ್ಯೋಲೆಸ್‌ನ ಕೆರೆಯಲ್ಲಿ. ಜಗತ್ತೆಲ್ಲ ಬರುವಾಗ ಇದು ಸರಿಯೇ ಎಂಬುದು ಅವರ ಪ್ರಶ್ನೆ. ಊರಿನವರ ಪ್ರತಿಕ್ರಿಯೆ ಏನಿತ್ತೆಂದರೆ, 'ಇವನು ನಮ್ಮವನು, ಕೊಡುವುದಿಲ್ಲ' ಎಂದು ಅಂಗಿಗಳ ಮೇಲೆ ಅವನ ಚಿತ್ರ ಮುದ್ರಿಸಿ ಹಾಕಿಕೊಂಡರು! ಅವರಲ್ಲಿ ಹೆಚ್ಚಿನವರು ಕೆಟ್ಟವರಾಗಿದ್ದರೆಂದು ನನಗೆ ಅನ್ನಿಸುವುದಿಲ್ಲ. ಬಾಲ್ಯದಿಂದ ನೋಡಿದ್ದು ಸಹಜವಾಗಿಯೇ ಕಾಣುತ್ತದೆ. ಅದೇ ಇಲ್ಲಿ ಹೆಚ್ಚು ಹೆದರಿಕೆ ಹುಟ್ಟಿಸುವ ಸಂಗತಿ. ಆಫ್ರಿಕಾದ ರಾಷ್ಟ್ರಗಳ ಒತ್ತಾಯ, ವಿಶ್ವಸಂಸ್ಥೆಯ ಕೋಫಿ ಅನಾನ್ ಅವರವರೆಗೂ ಹೋದ ದೂರು, ಇವೆಲ್ಲದರ ಮೇಲೆ 1997ರಲ್ಲಿ ಅವನನ್ನು ಪ್ರದರ್ಶನದಿಂದ ತೆಗೆದರು.

2000ದಲ್ಲಿ ದೇಹವನ್ನು ಮ್ಯಾಡ್ರಿಡ್‌ಗೆ ಒಯ್ದು ಗಾಜಿನ ಕಣ್ಣು ಮುಂತಾದ ಕೃತಕ ಭಾಗಗಳನ್ನೆಲ್ಲ ಬೇರೆ ಮಾಡಿದರು. ಕೊನೆಗೆ ಬೋಟ್ಸ್‌ವಾನಾದ ರಾಜಧಾನಿ ಗ್ಯಾಬರೋನ್‌ಗೆ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಬಂದದ್ದು ಮುಖ್ಯವಾಗಿ ತಲೆಬುರುಡೆ ಮಾತ್ರ. ದರ್ಶನಕ್ಕೆ ಸಾವಿರಾರು ಜನ ಸಾಲುಗಟ್ಟಿದರು. ಇಡೀ ದೇಹ ಬರುತ್ತದೆಂದು ಕಾದಿದ್ದವರಿಗೆ ಆ ಪೆಟ್ಟಿಗೆಯ ಗಾತ್ರ ನೋಡಿಯೇ ಬೇಸರವಾಯಿತು. 2000ದ ಅಕ್ಟೋಬರ್ 5ರಂದು ಅಲ್ಲಿನ ಷೋಲೊಫೆಲೊ ಉದ್ಯಾನದಲ್ಲಿ ಸರ್ಕಾರಿ ಗೌರವದೊಂದಿಗೆ ಅವನನ್ನು ಎರಡನೆಯ ಬಾರಿ ಮಣ್ಣು ಮಾಡಿದರು. ಫ್ರಾಂಕ್ ವೆಸ್ಟರ್ಮನ್ ಎಂಬ ಡಚ್ ಪತ್ರಕರ್ತರು ಈ ಕಥೆಯನ್ನು ಬೆನ್ನಟ್ಟಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಪರೀಕ್ಷೆಗಳ ಪ್ರಕಾರ ಸತ್ತಾಗ ಅವನ ವಯಸ್ಸು ಸುಮಾರು ಇಪ್ಪತ್ತೇಳು. ಜೂಲ್ಸ್ ವೆರೋಗಿಂತ ಹೆಚ್ಚೆಂದರೆ ನಾಲ್ಕೈದು ವರ್ಷಕ್ಕೆ ದೊಡ್ಡವನು.

ಇದೊಂದೇ ಘಟನೆಯಾಗಿದ್ದರೆ ಅಪವಾದ ಎನ್ನಬಹುದಿತ್ತು. ಎಡ್ವರ್ಡ್ ವೆರೋ ತಯಾರಿಸಿದ ಇನ್ನೊಂದು ಕೃತಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ವಸ್ತುಸಂಗ್ರಹಾಲಯದಲ್ಲಿದೆ. ಒಂಟೆಯ ಮೇಲೆ ಕುಳಿತ ಸವಾರನ ಮೇಲೆ ಸಿಂಹಗಳು ಎರಗುತ್ತಿರುವ ದೃಶ್ಯ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದ್ದು. ಸಿಂಹ, ಒಂಟೆಗಳು ನಿಜವಾದ ಚರ್ಮದವು, ಸವಾರ ಮಾತ್ರ ಬೊಂಬೆ ಎಂದು ನೂರೈವತ್ತು ವರ್ಷ ಎಲ್ಲರೂ ತಿಳಿದಿದ್ದರು. ದುರಸ್ತಿಯ ಸಮಯದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ಸವಾರನ ತಲೆಯೊಳಗೆ ನಿಜವಾದ ಮನುಷ್ಯನ ತಲೆಬುರುಡೆ ಇರುವುದು ತಿಳಿಯಿತು. 2017ರಲ್ಲಿ ಈ ಸುದ್ದಿ ಹೊರಬಂತು. ಆ ಮನುಷ್ಯನ ಹೆಸರೂ ಯಾವ ಕಾಗದದಲ್ಲೂ ಇಲ್ಲ.

ಆ ಕಾಲದ ರೂಢಿಯೇ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು ಎನ್ನುವವರು ಇದ್ದಾರೆ. ರೂಢಿಯಿತ್ತು ನಿಜ. ಕೇಪ್‌ನಿಂದ 1810ರಲ್ಲಿ ಲಂಡನ್‌ಗೆ ಒಯ್ದು ಪ್ರದರ್ಶನಕ್ಕಿಟ್ಟ ಸಾರಾ ಬಾರ್ಟ್‌ಮನ್ ಎಂಬ ಹೆಣ್ಣುಮಗಳು 1815ರಲ್ಲಿ ಪ್ಯಾರಿಸಿನಲ್ಲಿ ಸತ್ತಾಗ ಕ್ಯುವಿಯೇ ಎಂಬ ಮಹಾವಿಜ್ಞಾನಿಯೇ ಅವಳ ದೇಹವನ್ನು ಕೊಯ್ದ. ಅವಳು ತನ್ನ ನಾಡಿನ ಮಣ್ಣು ಸೇರಿದ್ದು 2002ರಲ್ಲಿ. ಆದರೆ ರಾತ್ರಿಯ ಹೊತ್ತು ಕದ್ದು ಅಗೆದರು ಎಂಬುದನ್ನು ಮರೆಯಬಾರದು. ಸರಿಯಾದ ಕೆಲಸವೆಂದು ಅವರಿಗೇ ಅನ್ನಿಸಿದ್ದರೆ ಹಗಲಲ್ಲಿ, ಮನೆಯವರನ್ನು ಕೇಳಿ ಅಗೆಯಬಹುದಿತ್ತು. ಅಂದಿನ ಅಳತೆಗೋಲಿನಲ್ಲೂ ಅದು ಕಳ್ಳತನವೇ.

ಇಷ್ಟು ಹೇಳಿದ ಮೇಲೆ, ಜರ್ಮನ್ ಹೆಸರು ಶುದ್ಧ, ಇಂಗ್ಲಿಷ್ ಹೆಸರು ಮಲಿನ ಎಂದು ಬರೆದು ಮುಗಿಸಿದರೆ ಇತಿಹಾಸಕ್ಕೆ ಮೋಸ ಮಾಡಿದಂತೆ. ವೆರೋ ಹೆಸರಿನ ಹದ್ದಿನ ಮಾತು ಮೇಲೆ ಬಂತಲ್ಲ, ಕಲ್ಲುಬಂಡೆಗಳಲ್ಲಿ ಗೂಡು ಕಟ್ಟುವ ಆ ಕಪ್ಪು ಹದ್ದಿಗೆ ಜರ್ಮನ್ನಿನಲ್ಲಿ ಇದ್ದ ಹೆಸರು 'ಕಾಫರ್ನ್‌ಆಡ್ಲರ್', ಕಾಫಿರರ ಹದ್ದು. (ಇಂಗ್ಲಿಷಿನಲ್ಲಿ ಅದನ್ನು ಬಹುಕಾಲ ಸುಮ್ಮನೆ 'ಬ್ಲ್ಯಾಕ್ ಈಗಲ್' ಎನ್ನುತ್ತಿದ್ದರು. ಅದೇ ಹೆಸರಿನ ಬೇರೊಂದು ಹದ್ದು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲೂ ಇದೆ.) 'ಕಾಫಿರ್' ಅರಬ್ಬಿಯಿಂದ ಬಂದ ಪದ. ದಕ್ಷಿಣ ಆಫ್ರಿಕಾದ ಬಿಳಿಯರ ಬಾಯಲ್ಲಿ ಅದು ಕರಿಯರನ್ನು ಹೀಯಾಳಿಸುವ ಬೈಗುಳವಾಗಿ ಬೆಳೆಯಿತು. ಇವತ್ತು ಆ ದೇಶದಲ್ಲಿ ಯಾರನ್ನಾದರೂ ಹಾಗೆಂದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಈಗ ಜರ್ಮನರು ಅದನ್ನು ಬಂಡೆಯ ಹದ್ದು ಎಂಬರ್ಥದಲ್ಲಿ 'ಕ್ಲಿಪ್ಪೆನ್‌ಆಡ್ಲರ್' ಎಂದು ಕರೆಯುತ್ತಿದ್ದಾರೆ. ಗೂಬೆಯ ವಿಷಯದಲ್ಲಿ ಬಣ್ಣ ನೋಡಿದ ಕಣ್ಣೇ ಹದ್ದಿನ ವಿಷಯದಲ್ಲಿ ಬೈಗುಳ ಆರಿಸಿಕೊಂಡಿತ್ತು.

ಹಾಲುಗುಮ್ಮ ವಾಸಿಸುವ ನಾಡುಗಳಲ್ಲಿ ಕೆಲವು ಜರ್ಮನರ ವಸಾಹತುಗಳೇ ಆಗಿದ್ದವು. ಈಗಿನ ಟಾಂಜಾನಿಯಾ ಮತ್ತು ನಮೀಬಿಯಾಗಳು ಮೊದಲ ಮಹಾಯುದ್ಧದವರೆಗೆ ಜರ್ಮನಿಯ ಕೈಯಲ್ಲಿದ್ದವು. ಬರ್ಲಿನ್ನಿನ ಆಂಟನ್ ರೈಶೆನೊ 1900ರಿಂದ 1905ರವರೆಗೆ ಆಫ್ರಿಕಾದ ಹಕ್ಕಿಗಳ ಬಗ್ಗೆ ಬೃಹತ್ ಗ್ರಂಥವನ್ನು ಸಂಪುಟ ಸಂಪುಟವಾಗಿ ಹೊರತರುತ್ತಿದ್ದ. ಆ ಕೆಲಸ ಮುಗಿಯುವ ಹೊತ್ತಿಗೆ, 1904ರಲ್ಲಿ, ನಮೀಬಿಯಾದಲ್ಲಿ ಜರ್ಮನ್ ಸೇನೆ ಹೆರೆರೊ ಮತ್ತು ನಾಮಾ ಜನರನ್ನು ಕೊಲ್ಲತೊಡಗಿತ್ತು. 1908ರವರೆಗೆ ನಡೆದ ಆ ಹತ್ಯಾಕಾಂಡದಲ್ಲಿ ಸತ್ತವರ ತಲೆಬುರುಡೆಗಳನ್ನೂ 'ಸಂಶೋಧನೆ'ಗೆಂದು ಬರ್ಲಿನ್ನಿಗೆ ಸಾಗಿಸಿದರು. ಅವುಗಳಲ್ಲಿ ಇಪ್ಪತ್ತು ಬುರುಡೆಗಳು ನಮೀಬಿಯಾಕ್ಕೆ ಮರಳಿದ್ದು 2011ರಲ್ಲಿ.

'ಕಾಫಿರ್' ಪದದ ಬೇರು ನಮ್ಮ ಕಡೆಗೂ ಚಾಚಿದೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ಗುಲಾಮರನ್ನು ತಂದು ಮಾರುವಾಗ ಅವರನ್ನು 'ಕಾಫ್ರೆ' ಎಂದೇ ಕರೆಯುತ್ತಿದ್ದರು. ಅಂಥವರ ಸಂತತಿಯವರೇ ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಗಳು. ಅವರ ಪೂರ್ವಜರಿಗೆ ತಮ್ಮ ತಾಯಂದಿರು ಇಟ್ಟಿದ್ದ ಹೆಸರುಗಳು ಯಾವ ಹಡಗಿನ ಲೆಕ್ಕದ ಪುಸ್ತಕಕ್ಕೆ ಬೇಕಿತ್ತು?

ಇನ್ನೊಂದು ವಿಚಿತ್ರ ನೋಡಿ. ನಮ್ಮ ಶಾಲೆಯ ಬೇಲಿಯ ಮೇಲೆ ದಿನಾ ಕುಳಿತು ಚಿಲಿಪಿಲಿಗುಟ್ಟುವ, ತಲೆ ಕಪ್ಪಾಗಿ ಬಾಲದ ಬುಡದಲ್ಲಿ ಕೆಂಪಿರುವ ಪಿಕಳಾರ ಹಕ್ಕಿಯನ್ನು ಗಮನಿಸದವರಿಲ್ಲ. ಅದರ ವೈಜ್ಞಾನಿಕ ಹೆಸರು 'ಪಿಕ್ನೊನೋಟಸ್ ಕಾಫರ್'. 1766ರಲ್ಲಿ ಲಿನೇಯಸ್ ಮಹಾಶಯ ಅದಕ್ಕೆ ಹೆಸರಿಡುವಾಗ ಅದು ಆಫ್ರಿಕಾದ ಗುಡ್‌ಹೋಪ್ ಭೂಶಿರದ ಹಕ್ಕಿ ಎಂದು ತಪ್ಪು ತಿಳಿದಿದ್ದ. ಆ ಹಕ್ಕಿ ಅಲ್ಲಿಯದೇ ಅಲ್ಲ, ನಮ್ಮದು. ಆದರೂ ಪ್ರಾಣಿಶಾಸ್ತ್ರದ ನಿಯಮದ ಪ್ರಕಾರ ಮೊದಲಿಟ್ಟ ಹೆಸರೇ ಊರ್ಜಿತ. ಅರ್ಥ ತಪ್ಪಾಗಿದ್ದರೂ ಸರಿ, ಬೈಗುಳವಾಗಿದ್ದರೂ ಸರಿ, ಬದಲಾಯಿಸುವಂತಿಲ್ಲ. ಹೀಗಾಗಿ ನಮ್ಮೂರಿನ ಪಿಕಳಾರ ಆಫ್ರಿಕಾದವರ ಮೇಲಿನ ಬೈಗುಳವನ್ನು ಇನ್ನೂರೈವತ್ತು ವರ್ಷದಿಂದ ಹೊತ್ತುಕೊಂಡು ಹಾರುತ್ತಿದೆ.

ಸಸ್ಯಶಾಸ್ತ್ರದವರು ಈ ವಿಷಯದಲ್ಲಿ ಬೇರೆ ದಾರಿ ಹಿಡಿದರು. 2024ರ ಜುಲೈನಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಭೆಯಲ್ಲಿ ಮತ ಹಾಕಿ, 'ಕಾಫ್ರ' ಎಂದಿದ್ದ ಇನ್ನೂರಕ್ಕೂ ಹೆಚ್ಚು ಹೆಸರುಗಳನ್ನು 'ಆಫ್ರ' ಎಂದು ತಿದ್ದಲು ತೀರ್ಮಾನಿಸಿದರು. ಒಂದು ಅಕ್ಷರ ತೆಗೆದದ್ದು, ಬೈಗುಳ ಹೋಗಿ ಆಫ್ರಿಕಾ ಉಳಿಯಿತು. ಇಷ್ಟು ಸುಲಭವಾದ ತಿದ್ದುಪಡಿಯನ್ನು ನನ್ನ ಇಡೀ ವೃತ್ತಿಜೀವನದ ಕೆಂಪು ಶಾಯಿಯಲ್ಲೂ ಮಾಡಿದ್ದು ನೆನಪಿಲ್ಲ. ಪ್ರಾಣಿಗಳ ಹೆಸರಿನ ಆಯೋಗ ಮಾತ್ರ ನೀತಿಯ ಕಾರಣಕ್ಕೆ ಹೆಸರು ಬದಲಾಯಿಸುವುದಿಲ್ಲ ಎಂದು 2023ರಲ್ಲಿ ಸ್ಪಷ್ಟಪಡಿಸಿತು. ಹೆಸರು ಪದೇಪದೇ ಬದಲಾದರೆ ಒಂದು ತಲೆಮಾರಿನವರು ಬರೆದದ್ದನ್ನು ಇನ್ನೊಂದು ತಲೆಮಾರಿನವರು ಹುಡುಕಲಾರರು ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಆದರೆ ಲ್ಯಾಟಿನ್ ಹೆಸರಿಗೆ ಇರುವ ಕಾನೂನು ಇಂಗ್ಲಿಷ್, ಜರ್ಮನ್, ಕನ್ನಡದ ಹೆಸರುಗಳಿಗೆ ಇಲ್ಲ. ಅವು ಜನರ ಬಾಯಿಯ ಸೊತ್ತು, ಬದಲಾಯಿಸಬಹುದು. 2020ರಲ್ಲಿ ಅಮೆರಿಕದವರು ಮಕೌನ್ ಎಂಬ ಸೇನಾಧಿಕಾರಿಯ ಹೆಸರಿನಲ್ಲಿದ್ದ ಒಂದು ಪುಟ್ಟ ಹಕ್ಕಿಯನ್ನು ದಪ್ಪ ಕೊಕ್ಕಿನದು ಎಂದು ಮರುನಾಮಕರಣ ಮಾಡಿದರು. ಆತ ಅಲ್ಲಿನ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ಪಡೆಯ ಸೇನಾನಿ. 2023ರ ನವೆಂಬರ್‌ನಲ್ಲಿ ಅಮೆರಿಕದ ಪಕ್ಷಿಶಾಸ್ತ್ರಜ್ಞರ ಸಂಘ ತನ್ನ ವ್ಯಾಪ್ತಿಯೊಳಗೆ ವ್ಯಕ್ತಿಗಳ ಹೆಸರಿರುವ ಇಂಗ್ಲಿಷ್ ಹೆಸರುಗಳನ್ನೆಲ್ಲ ಬಿಡುವುದಾಗಿ ಘೋಷಿಸಿತು. ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂದು ಒಬ್ಬೊಬ್ಬರ ಲೆಕ್ಕ ತೆಗೆಯುವ ತಂಟೆಯೇ ಬೇಡವೆಂದು ಎಲ್ಲವನ್ನೂ ಒಟ್ಟಿಗೆ ಬಿಡುವ ಯೋಚನೆ. ಅಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಆಯಿತು. ಆಫ್ರಿಕಾದ ಗೂಬೆ ಆ ವ್ಯಾಪ್ತಿಯೊಳಗೆ ಬರುವುದಿಲ್ಲ.

ನನ್ನನ್ನು ಕೇಳಿದರೆ, ಒಬ್ಬ ಮನುಷ್ಯನ ಹೆಸರನ್ನು ಹಕ್ಕಿಗೆ ಇಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಜೀವಮಾನವಿಡೀ ಒಂದು ಹಕ್ಕಿಯ ಹಿಂದೆ ಅಲೆದವನಿಗೆ ಆ ಗೌರವ ಸಲ್ಲಲಿ. ವೆರೋ ಈ ಗೂಬೆಗೆ ಏನು ಮಾಡಿದ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಮನುಷ್ಯನಿಗೆ ಏನು ಮಾಡಿದ ಎಂಬುದಕ್ಕೆ ಸಿಗುತ್ತದೆ. ಸ್ಪೇನಿನವರ ಭಾಷೆಯಲ್ಲಿ ಈ ಗೂಬೆಗೆ ಇಂದಿಗೂ ಹಾಲಿನಂಥದು ಎಂಬ ಹೆಸರೇ ಇದೆ. ಫ್ರೆಂಚರಲ್ಲಿ ವೆರೋ ಇದ್ದಾನೆ. ಗೂಬೆಯ ಕಾಡಿನ ಜನರ ಭಾಷೆಗಳಲ್ಲಿ ಬೇರೆಯೇ ಪದಗಳಿವೆ. ಸ್ವಹೀಲಿಯಲ್ಲಿ ಗೂಬೆ 'ಬುಂಡಿ', ಜುಲು ಭಾಷೆಯಲ್ಲಿ 'ಇಸಿಖೋವ', ಗ್ಯಾಬರೋನ್‌ನಲ್ಲಿ ಮಣ್ಣಾದ ಯುವಕನ ಸ್ವಾನಾ ಭಾಷೆಯಲ್ಲಿ 'ಮೊರುಬಿಸಿ'. ಅವನು ಬದುಕಿದ್ದಾಗ ರಾತ್ರಿ ದನಿ ಕೇಳಿದರೆ ಈ ಪದವನ್ನೇ ಬಳಸಿದ್ದಿರಬೇಕು. ಇವುಗಳಲ್ಲಿ ಒಂದಾದರೂ ಲಂಡನ್ನಿನ ಅಥವಾ ಬರ್ಲಿನ್ನಿನ ಪಟ್ಟಿಗೆ ಹತ್ತಲಿಲ್ಲ.

ಆದರೆ ಈಚೆಗೆ ಒಂದು ಸ್ವಾರಸ್ಯದ ಬದಲಾವಣೆ ಆಗಿದೆ. ಗೂಬೆಗಳ ನಂಟನ್ನು ಹೊಸ ರೀತಿಯಲ್ಲಿ ಪರೀಕ್ಷಿಸಿದ ವಿದ್ವಾಂಸರು ಈ ಹಕ್ಕಿಯನ್ನು 'ಬೂಬೊ' ಗುಂಪಿನಿಂದ ತೆಗೆದು 'ಕೆಟುಪ' ಎಂಬ ಗುಂಪಿಗೆ ಸೇರಿಸಿದ್ದಾರೆ. ಹಲವು ಪಟ್ಟಿಗಳಲ್ಲಿ ಈಗ ಅದು 'ಕೆಟುಪ ಲ್ಯಾಕ್ಟಿಯ'. 'ಕೆಟುಪ' ಲ್ಯಾಟಿನ್ ಪದವೂ ಅಲ್ಲ, ಯಾವ ಸಾಹೇಬರ ಹೆಸರೂ ಅಲ್ಲ. ಜಾವಾ ದ್ವೀಪದ ಜನ ತಮ್ಮ ಮೀನುಗೂಬೆಯನ್ನು ಕರೆಯುತ್ತಿದ್ದ ಹೆಸರಿನಿಂದ ಬಂದದ್ದು. ನಮ್ಮ ಕರ್ನಾಟಕದ ಹೊಳೆದಂಡೆಗಳ ಮರಗಳಲ್ಲಿ ಸಂಜೆಗತ್ತಲಿಗೆ ಹೊರಡುವ ಮೀನುಗೂಬೆಯೂ ಇದೇ ಕೆಟುಪ ಕುಲದ್ದು. ಹೀಗೆ ಸೆನೆಗಲ್‌ನ ಹಾಲುಗುಮ್ಮ ಕಾಗದದ ಮೇಲಾದರೂ ನಮ್ಮ ಹೊಳೆಯ ಗೂಬೆಯ ದಾಯಾದಿಯಾಗಿದೆ. ಅದೇ ಪಟ್ಟಿಯ ಪಕ್ಕದ ಅಂಕಣದಲ್ಲಿ ಇಂಗ್ಲಿಷ್ ಹೆಸರು ಇನ್ನೂ ವೆರೋನದೇ. ಗ್ಯಾಬರೋನ್‌ನ ಉದ್ಯಾನದ ಸಮಾಧಿಯವನನ್ನು ಇಂದಿಗೂ ಕರೆಯುತ್ತಿರುವುದು ಬನ್ಯೋಲೆಸ್‌ನವರು ಇಟ್ಟ ಸ್ಪ್ಯಾನಿಷ್ ಹೆಸರಿನಿಂದಲೇ.